ಕಿಟಕಿಯವರು

ಬೆಳಂಬಾರದ ಅಜ್ಜಿಮನೆಯಲ್ಲಿ ಕ್ರಿಕೆಟ್ ಕಾರ್ಡುಗಳನ್ನು ಆಟಗಾರರ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಅದಕ್ಕೆ ಕಾರಣ ಅಜ್ಜ. ಅವನ ಹೆಸರೂ ಒಬ್ಬ ಹಳೆಯ ಬ್ಯಾಟ್ಸ್‌ಮನ್ ಹೆಸರೂ ಒಂದೇ ಆಗಿತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಅಜ್ಜಿ ಆಟದಲ್ಲಿ ಆ ಕಾರ್ಡನ್ನು ಕೇಳುವುದಾದರೂ ಹೇಗೆ? ಹಾಗಾಗಿ ಅವಳು ಆಟಗಾರರನ್ನೇ ಬಿಟ್ಟು, ಕಾರ್ಡಿನ ಅಂಚು, ಬಣ್ಣ, ಗೆರೆ ನೋಡಿ ಹೆಸರಿಡತೊಡಗಿದಳು.

ಕಾರ್ಡುಗಳಲ್ಲಿ ಹಳೆಯವು ಮಾಮನವು. ಅವನು ಶಾಲೆಗೆ ಹೋಗುವಾಗ ಚ್ಯೂಯಿಂಗ್ ಗಮ್ಮಿನ ಜೊತೆ ಸಿಗುತ್ತಿದ್ದವಂತೆ. ದಪ್ಪ ರಟ್ಟು, ಮಾಸಲು ಬಣ್ಣ. ಹಳದಿ ಅಂಚಿಗೆ ಹಸಿರು ಇಳಿದಿದ್ದವು ಇಶಾಡ ಮಾವು. ಮರದ ಗೆರೆಗಳಿದ್ದ ಕಂದು ಚೌಕಟ್ಟಿನವು ಕಪಾಟು. ತಲೆಯ ಮೇಲೆ ಕೆಂಪು ಪಟ್ಟಿಯಿದ್ದವು ಮುರುಗಲು ಹಣ್ಣು. ಹೊಸ ಕಾರ್ಡುಗಳು ನನ್ನವು. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಬಂದವು, ಕಾರವಾರದ ಪೇಟೆಯಲ್ಲಿ ಹಟ ಹಿಡಿದು ಕೊಡಿಸಿಕೊಂಡವು. ನೀಲಿ ಬೆನ್ನಿನ ಮೇಲೆ ಬೆಳ್ಳಿ ಮಿನುಗುತ್ತಿದ್ದ ಒಂದು ಬಗೆಗೆ ಅಜ್ಜಿ ಮೀನಿನ ಹೆಸರಿಟ್ಟು ಬಂಗಡೆ ಎಂದಳು. ಆಮೇಲೆ ಬಂದವೆಲ್ಲ ಇನ್ನೂ ಹೆಚ್ಚು ಹೊಳೆದವು. ಅವುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಇವಕ್ಕೆಲ್ಲ ಬೇರೆ ಬೇರೆ ಹೆಸರು ಯಾಕೆ, ಎಲ್ಲ ಒಂದೇ ತಾಯಿಯ ಮಕ್ಕಳು ಎಂದು ಒಟ್ಟಾಗಿ ಕನ್ನಡಿ ಎಂದು ಕರೆದಳು.

ಆಟ ಸರಳ. ಕಾರ್ಡು ಹಂಚಿಕೊಂಡು ಎದುರುಬದುರು ಕೂರುವುದು, ಎದುರಿನವರಲ್ಲಿ ಇರಬಹುದಾದ್ದನ್ನು ಹೆಸರು ಹಿಡಿದು ಕೇಳುವುದು. ಇದ್ದರೆ ಕೊಡಲೇಬೇಕು. ಅಜ್ಜನ ಹೆಸರಿನ ಕಾರ್ಡಿನಲ್ಲಿ ಮೂಲೆಗಳು ದುಂಡಗಿದ್ದವು, ನಡುವೆ ಬಸ್ಸಿನ ಕಿಟಕಿಯಿಂದ ಇಣುಕಿದಂತೆ ಒಂದು ಮುಖ. ಆ ಬಗೆಯದು ಉಳಿದದ್ದು ಅದೊಂದೇ. ಕೊನೆಯಲ್ಲಿ ಅದು ಯಾರ ಕೈಯಲ್ಲಿರುತ್ತದೋ ಅವರೇ ಗೆದ್ದಂತೆ.

"ಬಂಗಡೆ ಅದೆಯಾ?" ಎಂದು ಸಲೀಸಾಗಿ ಕೇಳುತ್ತಿದ್ದ ಅಜ್ಜಿ ಅದೊಂದು ಕಾರ್ಡಿಗೆ ಮಾತ್ರ ದನಿ ಇಳಿಸುತ್ತಿದ್ದಳು. "ಕಿಟಕಿಯವರು ಇದ್ದಾರಾ?"

ಜಗುಲಿಯಲ್ಲಿ ಒರಗಿ ಕೂತಿರುತ್ತಿದ್ದ ಅಜ್ಜ ಅಲ್ಲಿಂದಲೇ ಹೇಳುತ್ತಿದ್ದ: "ಇದ್ದಾರೆ. ಚಾ ಆಯ್ತಾ ಅಂತ ಕೇಳ್ತಾ ಇದ್ದಾರೆ."

ಅಜ್ಜ ತೀರಿಕೊಂಡ ಮೇಲೆ ಬಹಳ ದಿನ ಕಾರ್ಡುಗಳ ಡಬ್ಬ ತೆರೆಯಲಿಲ್ಲ. ರಜೆಗೆ ಬಂದ ನನ್ನನ್ನು ಒಂದು ಸಂಜೆ ಅಜ್ಜಿಯೇ ಕರೆದು ಕೂರಿಸಿದಳು. ಆಟದ ನಡುವೆ ಮೊದಲಿನ ದನಿಯಲ್ಲೇ ಕೇಳಿದಳು, ಕಿಟಕಿಯವರು ಇದ್ದಾರಾ ಎಂದು. ನನ್ನ ಕೈಯಲ್ಲಿತ್ತು, ಕೊಟ್ಟೆ. ಜಗುಲಿಯ ಕಡೆಯಿಂದ ಉತ್ತರ ಬರುವಷ್ಟು ಹೊತ್ತು ಕಾದು, ಆಮೇಲೆ ಮುಂದಿನ ಕಾರ್ಡು ಕೇಳಿದಳು. ಅವಳು ಅಜ್ಜನನ್ನು ಕರೆಯಬಹುದಾಗಿದ್ದ ಜಾಗ ಈ ಆಟವೊಂದೇ ಎಂದು ನನಗೆ ಆಗ ಗೊತ್ತಾಯಿತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥ ಸಂಗತಿ ಎಂದು ಅನ್ನಿಸಲೂ ಇಲ್ಲ.

ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಒಂದು ಮಳೆಗಾಲದಲ್ಲಿ ಕಾರ್ಡುಗಳಿಗೆ ಬೂಸಲು ಹಿಡಿಯಿತು. ಮಾಮ ಕಾರವಾರದ ಕಚೇರಿಯಲ್ಲಿ ಕೆಲಸಕ್ಕಿದ್ದವನು, ಯಾವುದನ್ನೂ ಅರ್ಧಕ್ಕೆ ಬಿಡುವ ಸ್ವಭಾವದವನಲ್ಲ. ಡಬ್ಬವನ್ನು ತನ್ನ ಮನೆಗೆ ಒಯ್ದು, ಒಂದೊಂದೇ ಕಾರ್ಡು ಒರೆಸಿ ಒಣಗಿಸಿ, ದೊಡ್ಡದೊಂದು ಆಲ್ಬಂ ತಂದು ಎಲ್ಲವನ್ನೂ ಗೋಂದು ಹಚ್ಚಿ ಅಂಟಿಸಿದ. ಪ್ರತಿಯೊಂದರ ಕೆಳಗೂ ಆಟಗಾರನ ಹೆಸರು, ದುಂಡಗಿನ ಅಕ್ಷರದಲ್ಲಿ. ಆಯಿ ಕೂತಲ್ಲೇ ನೋಡಿಕೊಂಡು ಇರಲಿ, ಮೂಲೆ ಮಡಚುವುದಿಲ್ಲ, ಬೂಸಲು ಹಿಡಿಯುವುದಿಲ್ಲ ಎಂದು ಅವನ ಲೆಕ್ಕ. ತನ್ನ ತಾಯಿಗೆ ಚಿತ್ರಗಳೆಂದರೆ ಇಷ್ಟ ಎಂದೇ ಅವನು ತಿಳಿದಿದ್ದ.

ಅವನು ಅದನ್ನು ಕೊಡುವಾಗ ರಜೆಗೆ ಬಂದಿದ್ದ ನಾನೂ ಅಲ್ಲಿದ್ದೆ. ಅಜ್ಜಿ ಒಂದೊಂದೇ ಹಾಳೆ ತಿರುಗಿಸಿದಳು. "ಚೆಂದ ಆಯ್ತು ತಮಾ," ಎಂದಳು. ಮಾಮ ಕಾಲು ತೊಳೆಯಲು ಬಾವಿಯ ಹತ್ತಿರ ಹೋದ. ಅಜ್ಜಿ ಕಿಟಕಿಯ ಕಾರ್ಡಿನ ದುಂಡು ಮೂಲೆಗೆ ಉಗುರು ಹಾಕಿ ಎತ್ತಿ ನೋಡಿದಳು. ಅದು ಏಳಲಿಲ್ಲ. ಕೆಳಗಿದ್ದ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿದಳು.

ಆ ದಿನ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಮಾಮನಿಗೆ ಆಟದ್ದು, ಕಿಟಕಿಯವರದ್ದು ಎಲ್ಲ ಹೇಳಿದೆ. ಅಮದಳ್ಳಿ ದಾಟಿದ ಮೇಲೆ ಅವನು, ಬಿಸಿ ಹಬೆಗೆ ಹಿಡಿದರೆ ಗೋಂದು ಬಿಡುತ್ತದೆಯೇ ಎಂದು ಕೇಳಿದ.

ಮುಂದಿನ ಭಾನುವಾರ ಅಜ್ಜಿಯ ಅಡುಗೆಮನೆಯಲ್ಲೇ ಪಾತ್ರೆಯಲ್ಲಿ ನೀರು ಕುದಿಸಿ ಹಾಳೆಗಳನ್ನು ಹಬೆಗೆ ಹಿಡಿದೆವು. ಹೊಸ ಕಾರ್ಡುಗಳು ಸುಲಭವಾಗಿ ಬಂದವು, ಕನ್ನಡಿಗಳಿಗೆ ಏನೂ ಆಗಲಿಲ್ಲ. ಹಳೆಯವು ಬರಲಿಲ್ಲ. ಎಳೆದರೆ ರಟ್ಟು ಸೀಳಿ ಮುಂಭಾಗ ನಮ್ಮ ಕೈಗೆ ಬರುತ್ತಿತ್ತು, ಬೆನ್ನು ಆಲ್ಬಮ್ಮಿನಲ್ಲೇ ಉಳಿಯುತ್ತಿತ್ತು. ಕಿಟಕಿಯ ಕಾರ್ಡನ್ನು ಮಾಮ ಕೊನೆಗೆ ಇಟ್ಟುಕೊಂಡಿದ್ದ. ಅದಕ್ಕೆ ತಾನೇ ಚಾಕು ಹಿಡಿದ. ಅದೂ ಹಾಗೇ ಬಂತು, ಹಪ್ಪಳದ ಹಾಗೆ ತೆಳ್ಳಗೆ.

ಮುಖವಾದರೂ ಉಳಿದಿದೆಯಲ್ಲ, ಆಡಲಿಕ್ಕೆ ಅಡ್ಡಿಯಿಲ್ಲ ಎಂದ. ಸಂಜೆ ಮೂವರೂ ಕಡಲ ಕಡೆಯ ಬಾಗಿಲ ಬಳಿ ಕೂತೆವು. ಅವನು ಆ ಆಟಕ್ಕೆ ಕೂತದ್ದು ಅದೇ ಮೊದಲು. ಹೆಸರುಗಳನ್ನು ನನ್ನಿಂದ ಕೇಳಿ ಕಲಿತಿದ್ದ. ಕಪಾಟಿಗೆ ಮಂಚ ಎಂದು ಅಜ್ಜಿಯನ್ನು ನಗಿಸಿದ. ಬಿಸಿಲು ನೇರ ಒಳಗೆ ಬರುತ್ತಿತ್ತು. ಅಜ್ಜಿಯ ಸರದಿ ಬಂದಾಗ ಅವಳು ಮಗನ ಕೈಯನ್ನೇ ನೋಡತೊಡಗಿದಳು.

ಏನೆಂದು ನಾನೂ ನೋಡಿದೆ. ಮಾಮ ಹಿಡಿದಿದ್ದ ಬೆನ್ನಿಲ್ಲದ ಕಾರ್ಡುಗಳಲ್ಲಿ ಬೆಳಕು ಹಾಯ್ದು ಎಲ್ಲವೂ ನಮ್ಮ ಕಡೆಗೆ ಕಾಣುತ್ತಿತ್ತು. ಮುರುಗಲಿನ ಕೆಂಪು ಪಟ್ಟಿ, ಇಶಾಡದ ಹಳದಿ, ತುದಿಯಲ್ಲಿ ದುಂಡು ಮೂಲೆಯ ಒಂದು ಮುಖ.

"ಕೇಳು ಆಯಿ," ಎಂದ ಮಾಮ.

"ಕೇಳೂದು ಎಂತಕ್ಕೆ ತಮಾ," ಎಂದಳು ಅಜ್ಜಿ. "ಕಾಣ್ತಾ ಅದೆಯಲ್ಲ."

ಮಾಮ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿಕೊಂಡ. ಹಿಂದೆ ದಪ್ಪ ಕಾಗದ ಅಂಟಿಸಿಕೊಂಡು ಬರುತ್ತೇನೆ, ಒಂದು ವಾರ ಸಾಕು ಎಂದ.

"ಬೇಡ. ಮತ್ತೆ ಗೋಂದು ಬೇಡ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಎದ್ದು ಚಹಾಕ್ಕೆ ನೀರಿಟ್ಟು ಬಂದಳು. ಮಗನಿಗೆ ಬೆಲ್ಲ ಸ್ವಲ್ಪ ಹೆಚ್ಚೇ ಹಾಕಿದ್ದಳು. ಕಾರ್ಡುಗಳನ್ನು ನಾನೇ ಡಬ್ಬಕ್ಕೆ ತುಂಬಿದೆ. ಬಸ್ಸಿನಲ್ಲಿ ಮಾಮ ಖಾಲಿ ಆಲ್ಬಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಹಾಳೆಗಳ ಮೇಲೆ ಕಾರ್ಡುಗಳ ಬೂದುಬಣ್ಣದ ಬೆನ್ನುಗಳು, ಅವುಗಳ ಕೆಳಗೆ ಅವನೇ ಬರೆದ ಹೆಸರುಗಳು ಹಾಗೇ ಇದ್ದವು.

ನಾನು ಈಗ ಕಾರವಾರದಲ್ಲೇ ಪಾಠ ಮಾಡುತ್ತೇನೆ, ತಿಂಗಳಿಗೊಮ್ಮೆಯಾದರೂ ಬೆಳಂಬಾರಕ್ಕೆ ಹೋಗುತ್ತೇನೆ. ಹೊಸ ಕಾರ್ಡುಗಳನ್ನು ಒಯ್ದರೆ ಅಜ್ಜಿ ಕನ್ನಡಕ ಹಾಕಿಕೊಂಡು ನೋಡುತ್ತಾಳೆ, ಕೆಲವಕ್ಕೆ ಹೆಸರನ್ನೂ ಇಡುತ್ತಾಳೆ. ಆಡೋಣವೇ ಎಂದು ಮಾತ್ರ ಅವಳೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ.