ಹಿತ್ತಲಲ್ಲಿ ಕಾದಿದ್ದ ಪಹರೆ ಚೌಕಿ

ಸಂಪಗಾಂವದ ಪಹರೆ ಚೌಕಿಯನ್ನು ಬೈಲಹೊಂಗಲದವರು ಬಂಡಿಯಲ್ಲಿ ಹೇರಿಕೊಂಡು ಹೋದರು ಎಂಬ ಮಾತನ್ನು ಬೈಲಹೊಂಗಲದವಳೇ ಆದ ನಾನು ಮೊದಲ ದಿನವೇ ನಂಬಲಿಲ್ಲ. ತಾಲೂಕು ಕಚೇರಿ ಸಂಪಗಾಂವದಿಂದ ಬೈಲಹೊಂಗಲಕ್ಕೆ ಹೋಯಿತು, ಒಪ್ಪೋಣ. ಅದರ ಬೆನ್ನಿಗೇ ಖಜಾನೆ ಕಾಯುತ್ತಿದ್ದ ಚೌಕಿಯೂ ಹೋಯಿತು ಎನ್ನುತ್ತದೆ ಊರು. ಆದರೆ ಕಚೇರಿ ಹೋಗಿ ತಲೆಮಾರುಗಳೇ ಕಳೆದಿವೆ. ಚೌಕಿಯ ಕಟ್ಟೆಯ ಮೇಲೆ ಕುಳಿತು ಚುರುಮುರಿ ತಿಂದವರು ಮಾತ್ರ ಇನ್ನೂ ಬದುಕಿದ್ದಾರೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು ನಾನು. ಇಂಥ ಬಿರುಕು ಕಂಡರೆ ಬೆರಳು ಹಾಕದೆ ಬಿಡುವವಳಲ್ಲ.

ಕೆಲವೇ ವರ್ಷಗಳ ಹಿಂದಿನ ಮಾತು ಇದು. ಹಳೆಯ ಕಟ್ಟಡಗಳನ್ನು ದಾಖಲಿಸುವ ಸಣ್ಣ ತಂಡವೊಂದರಲ್ಲಿ ನಾನು ಸಹಾಯಕಿ. ಟೇಪು ಹಿಡಿದು ಅಳೆದು, ಕಲ್ಲು ಕಲ್ಲಿನ ಲೆಕ್ಕದಲ್ಲಿ ಚಿತ್ರ ಬರೆಯುವುದು ನನ್ನ ಕೆಲಸ. ಮೆಜರ್ಡ್ ಡ್ರಾಯಿಂಗ್ ಅನ್ನುತ್ತೇವೆ. ಸಂಪಗಾಂವದಲ್ಲಿ ಅಳೆಯಲು ಕಟ್ಟಡವೇ ಇರಲಿಲ್ಲ. ಚೌಕದಲ್ಲಿ ಒಂದು ಫಲಕ ನಿಲ್ಲಿಸಬೇಕೆಂದು ಊರಿನವರು ತೀರ್ಮಾನಿಸಿದ್ದರು, ಅದಕ್ಕೆ ಆರು ಸಾಲು ಬರೆದುಕೊಡುವುದು ನನ್ನ ಪಾಲಿಗೆ ಬಂತು.

ಆಧಾರವೆಂದರೆ ಒಂದೇ ಒಂದು ಫೋಟೋ, ಅದೂ ಮದುವೆ ಮೆರವಣಿಗೆಯದು. ಮದುಮಗನ ಬಾಸಿಂಗದ ಹಿಂದೆ ಚೌಕಿ ಕಾಣುತ್ತದೆ: ಎರಡು ದಪ್ಪ ಕಂಬ, ನಡುವೆ ಕಮಾನು, ಅದರ ಮೇಲೆ ಶಂಖದಂತೆ ಒಳಕ್ಕೆ ಸುತ್ತಿಕೊಂಡ ಎರಡು ದೊಡ್ಡ ಸುರುಳಿ. ಯುರೋಪಿನ ಈ ಆಡಂಬರದ ಶೈಲಿಗೆ ಬರೋಕ್ ಎಂದು ಹೆಸರು. ಗೋವಾದಲ್ಲಿ ಚರ್ಚು ಕಟ್ಟಿ ಬಂದ ಗವಂಡಿಯೊಬ್ಬ ಮಾಡಿದ್ದು ಎಂದು ಕೆಲವರು ಹೇಳಿದರು. ಪುರಾವೆ ಸಿಗಲಿಲ್ಲ, ನಾನು ಬರೆದುಕೊಳ್ಳಲಿಲ್ಲ. ಆದರೂ ಆ ಸುರುಳಿಗಳನ್ನು ಎಷ್ಟು ಹೊತ್ತು ನೋಡಿದರೂ ಕಣ್ಣು ತಣಿಯುತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ಹೋದ ಕಟ್ಟಡವೊಂದು ನನಗೆ ಬೇಕು ಅನಿಸತೊಡಗಿತ್ತು.

ಫಲಕದ ಉಸ್ತುವಾರಿ ಊರಿನ ಹಿರಿಯ ರುದ್ರಗೌಡರದು. ಚಹಾದಂಗಡಿಯಲ್ಲಿ ಎಲ್ಲರೆದುರು ನನ್ನನ್ನು ಸ್ವಾಗತಿಸಿದ್ದು ಹೀಗೆ: "ಬರ್ರಿ ವಕೀಲ ಬಾಯಾರ! ಕಳವು ಮಾಡಿದ ಊರಿನವರೇ ತಪಾಸಕ್ಕ ಬಂದ್ರಲ್ಲ!"

"ಒಯ್ದಿದ್ರ ನಮ್ಮೂರಾಗ ಎಲ್ಲೈತಿ ತೋರಸ್ರಿ ಗೌಡ್ರ," ಎಂದೆ. "ಜೇಬಿನ್ಯಾಗ ಇಟ್ಕೊಳ್ಳೂವಂಥಾ ಸಾಮಾನ ಅಲ್ಲ ಅದು."

ಅವರು ನಕ್ಕು ದನಿ ಇಳಿಸಿದರು. "ಖರೇ ಹೇಳ್ಲೇನು? ಒಯ್ದಾಂವ ವಾಲಿಕಾರ ಸಣ್ಣಪ್ಪ. ಅವನ ಮನಿಗೆ ಚೌಕಿ ನುಂಗಿದ ಮನಿ ಅಂತ ಹೆಸರ ಐತಿ."

ವಾಲಿಕಾರನೆಂದರೆ ಊರಿನ ಕಾವಲುಗಾರ. ಖಜಾನೆ ಹೋದ ಮೇಲೂ ಖಾಲಿ ಚೌಕಿಯ ಬೀಗದ ಕೈ ಸಣ್ಣಪ್ಪನ ಬಳಿಯೇ ಇತ್ತಂತೆ. ಅವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿದ್ದವಳು ಮಗಳು ಗಂಗವ್ವ, ಎಪ್ಪತ್ತು ದಾಟಿದವಳು. "ಬಾ ತಂಗಿ, ಕುಂದರು," ಎಂದು ಚಹಾ ಇಡಲು ಒಳಗೆ ಹೋದಳು. ನಾನು ಕೂರಲಿಲ್ಲ, ಹಿತ್ತಲಿಗೆ ನಡೆದೆ. ಬೇವಿನ ಮರದ ಕೆಳಗೆ ಕರಿಕಲ್ಲಿನ ಒಟ್ಟಲು. ಮೇಲಿನ ಕಲ್ಲಿನಲ್ಲೇ ಅರ್ಧ ಸುರುಳಿ! ಎಣಿಸಿದೆ, ಮೂವತ್ತೊಂದು. ಫೋಟೋ ತೆಗೆದುಕೊಂಡೆ, ಚಹಾ ಕುಡಿದೆ, ಏನೂ ಕೇಳದೆ ಬಂದೆ. ನನ್ನ ಮಟ್ಟಿಗೆ ವಾದ ಮುಗಿದಿತ್ತು.

ಮರುದಿನ ಚೌಕದಲ್ಲಿ ಫಲಕದ ಸಭೆ. ನಾನು ಎದ್ದು ನಿಂತು, ಚೌಕಿ ಬೈಲಹೊಂಗಲಕ್ಕೆ ಹೋಗಿಲ್ಲ, ಅದರ ಕಲ್ಲುಗಳು ವಾಲಿಕಾರರ ಹಿತ್ತಲಿನಲ್ಲಿವೆ ಎಂದು ಫೋಟೋ ತೋರಿಸಿದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಹಂಗಾರ ಫಲಕದಾಗೂ ಹಂಗ ಬರದ ಬಿಡು, ಕಾಯಾವನೇ ಕದ್ದ ಅಂತ," ಎಂದರು ರುದ್ರಗೌಡರು. ಎಲ್ಲರೂ ನಕ್ಕರು.

ಗಂಗವ್ವ ಅಲ್ಲೇ ನಿಂತಿದ್ದನ್ನು ನಾನು ಗಮನಿಸಿರಲಿಲ್ಲ. ಸೆರಗು ಸರಿಪಡಿಸಿಕೊಂಡು ಹತ್ತಿರ ಬಂದಳು. "ತಂಗಿ, ಹಿತ್ತಲ ನೋಡಿದಿ. ಮನಿ ನೋಡಿದೇನು?"

ಮತ್ತೆ ಹೋಗಿ ನೋಡಿದೆ. ಮಣ್ಣಿನ ಗೋಡೆ. ಹೊಸ್ತಿಲು ಕಟ್ಟಿಗೆಯದು, ಒಲೆಯೂ ಮಣ್ಣಿನದು. ಚೌಕಿ ನುಂಗಿತು ಎನ್ನಿಸಿಕೊಂಡ ಮನೆ ಒಂದೇ ಒಂದು ಕಲ್ಲನ್ನೂ ಬಳಸಿಕೊಂಡಿರಲಿಲ್ಲ. ಹಿಂದಿನ ದಿನ ಆ ಗೋಡೆಗೇ ಒರಗಿ ಕುಳಿತು ನಾನು ಚಹಾ ಕುಡಿದಿದ್ದೆ.

"ರಸ್ತಾ ಅಗಲ ಮಾಡಾಕ ಚೌಕಿ ಬಿಚ್ಚಿದ್ರು," ಎಂದು ಗಂಗವ್ವ ಹೇಳತೊಡಗಿದಳು. "ಓವರ್‌ಸಿಯರ್ ಸಾಹೇಬ್ರು ಕಲ್ಲಿಗೆ ನಂಬರ್ ಹೊಡಿಸಿ, ರಸ್ತಾ ಮುಗದ ಮ್ಯಾಲ ಆ ಬಾಜೂಕ ಮತ್ತ ಕಟ್ಟಸ್ತೇನಿ, ಹೇಳಿ ಕಳಸ್ತೇನಿ, ಅಲ್ಲೀತನಕ ಕಾಯಪಾ ಸಣ್ಣಪ್ಪ ಅಂದ್ರು. ನಮ್ಮಪ್ಪ ಒಂದ ಬಂಡಿ ಕಲ್ಲ ಇಲ್ಲಿ ತಂದ ಇಳಿಸಿ ತಿರುಗಿ ಹೋಗೂದ್ರಾಗ ಉಳದದ್ದೆಲ್ಲಾ ಮಂದಿ ಹೊತ್ಕೊಂಡ ಹೋಗಿದ್ರು."

"ಕಾಗದ ಏನರ ಕೊಟ್ಟಿದ್ರೇನು?"

"ಮಾತ ಕೊಟ್ಟಿದ್ರು."

ಆಮೇಲೆ ಹೇಳಿದ್ದನ್ನು ನಾನು ವರದಿಯಲ್ಲಿ ಬರೆಯಲಿಲ್ಲ, ಮರೆಯಲೂ ಆಗಲಿಲ್ಲ. ಸೈಕಲ್ ಮೇಲೆ ಖಾಕಿ ಅಂಗಿಯವನು ಯಾರೇ ಬಂದರೂ ಸಣ್ಣಪ್ಪ ಎದ್ದು ನಿಲ್ಲುತ್ತಿದ್ದನಂತೆ. ಅಂಚೆಯವನು ಬಂದರೂ ಅಷ್ಟೇ. ಪ್ರತಿ ದಸರೆಯ ಖಂಡೇಪೂಜೆಗೆ ಆ ಕಲ್ಲುಗಳಿಗೆ ಚೆಂಡುಹೂ ಏರಿಸುತ್ತಿದ್ದನಂತೆ.

ಹಾರೆ ತರಿಸಿ ಕಲ್ಲು ಮಗುಚಿದೆವು. ಗೋಡೆಯಲ್ಲಿ ಒಂದರ ಮೇಲೊಂದು ಕೂರುವ ಮೈಗೆ ಬೆಡ್ ಫೇಸ್ ಎನ್ನುತ್ತಾರೆ, ಗೋಡೆ ಎದ್ದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಅಲ್ಲಿ ಉಳಿಯಿಂದ ಕೊರೆದ ಕನ್ನಡ ಅಂಕಿಗಳಿದ್ದವು: ೩, ೭, ೨೨. ಕೆಡವಿ ಎಸೆಯುವ ಕಲ್ಲಿಗೆ ಯಾರೂ ನಂಬರ್ ಕೊರೆಯುವುದಿಲ್ಲ.

ಉಳಿದ ನಂಬರುಗಳು? ಅದೂ ತಿಳಿಯಿತು. ರುದ್ರಗೌಡರ ಮನೆಯಲ್ಲಿ ಟೈಲ್ಸ್ ಹಾಕಲು ಹಳೆಯ ಮೆಟ್ಟಿಲು ಕಿತ್ತಿದ್ದರು. ಮಗುಚಿ ಬಿದ್ದ ಕಲ್ಲಿನ ಅಡಿಯ ಮೈಯಲ್ಲಿ ಇನ್ನೊಂದು ಅರ್ಧ ಸುರುಳಿ, ಪಕ್ಕದ ಮೈಯಲ್ಲಿ ೧೪. ಕೆತ್ತನೆಯ ಕಲ್ಲು ತುಳಿಯಬಾರದೆಂಬ ನಂಬಿಕೆ ಇಲ್ಲಿ ಗಟ್ಟಿ. ಓಣಿಯ ಬೇರೆ ಮೆಟ್ಟಿಲುಗಳಲ್ಲೂ ಅಂಥವೇ ಸಿಕ್ಕವು: ಒಯ್ದವರೆಲ್ಲ ಕೆತ್ತನೆಯನ್ನು ಮಣ್ಣಿನ ಕಡೆ ಮಾಡಿ, ಬೋಳು ಮೈಯನ್ನು ಮೇಲೆ ಇಟ್ಟಿದ್ದರು. ಓಣಿಗೆ ಓಣಿಯೇ ಚೌಕಿಯ ಮೇಲೆ ಕಾಲಿಟ್ಟು ಮನೆ ಹೊಕ್ಕು, ಕದ್ದವನೆಂದು ಸಣ್ಣಪ್ಪನನ್ನು ಆಡಿಕೊಂಡಿತ್ತು.

"ನಮ್ಮಜ್ಜ ತಂದಿರಬೇಕವಾ," ಎಂದರು ಗೌಡರು, ನನ್ನ ಮುಖ ನೋಡದೆ. "ಬೋರಲ ಹಾಕ್ಯಾರಲ್ಲ, ಮರ್ಯಾದಿ ಇತ್ತ ನೋಡು ಅವರಿಗೆ."

ಚರ್ಚಾವೇದಿಕೆ ಕಲಿಸದ್ದನ್ನು ಈ ಕೆಲಸ ಕಲಿಸಿತು. ಸಿಕ್ಕಿದ ಸಾಕ್ಷಿಯನ್ನು ತೋರಿಸಿ ಗೆಲ್ಲುವುದು ಸುಲಭ, ಅದನ್ನು ಯಾರು ಯಾಕೆ ಇಟ್ಟುಕೊಂಡಿದ್ದರು ಎಂದು ಕೇಳುವವರೆಗೆ ಅದು ಬರೀ ಕಲ್ಲು. ನಾನು ಅದೇ ಚೌಕದಲ್ಲಿ, ಅಷ್ಟೇ ಜನರೆದುರು ತಪ್ಪೊಪ್ಪಿಕೊಂಡೆ. ಆದರೆ ಸಣ್ಣಪ್ಪನ ಹೆಸರನ್ನು ಫಲಕದಲ್ಲಿ ಕಾವಲುಗಾರನೆಂದೇ ಬರೆಯಲು ಮಗಳ ಮಾತೊಂದೇ ಸಾಲದು ಎಂದರು ಗೌಡರು. ಕಹಿಯಾದರೂ ಅದು ನನ್ನದೇ ವಾದದ ರೀತಿ.

ಅಂದು ರಸ್ತೆ ಕೆಲಸ ನೋಡಿಕೊಂಡಿದ್ದ ಓವರ್‌ಸಿಯರರು ಬೈಲಹೊಂಗಲದಲ್ಲೇ ಸಿಕ್ಕರು, ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ. ತೊಂಬತ್ತರ ಹತ್ತಿರದ ವಯಸ್ಸು. ಗಂಗವ್ವ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದಳು.

ಅವರು ಕಲ್ಲಿನ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, ಅಂಕಿಯ ಮೇಲೆ ಬೆರಳಾಡಿಸಿದರು. "ಇದು ನಾನು ಹೊಡಿಸಿದ್ದು," ಎಂದರು ನಿಧಾನವಾಗಿ. "ವಾಲಿಕಾರಗ ಕಾಯಿ ಅಂತ ಹೇಳಿದ್ದೆ."

ನನಗೆ ಬೇಕಾದ ವಾಕ್ಯ ಸಿಕ್ಕಿತ್ತು. ಡೈರಿ ಮುಚ್ಚಿದೆ. ಗಂಗವ್ವನಿಗೆ ಇನ್ನೂ ಮುಗಿದಿರಲಿಲ್ಲ. ನೆಲದಿಂದ ಎದ್ದು, ಅಪ್ಪ ನಿಲ್ಲುತ್ತಿದ್ದ ಹಾಗೇ ಇರಬೇಕು, ಕೈ ಜೋಡಿಸಿ ಅವರೆದುರು ನಿಂತಳು.

"ನಮ್ಮಪ್ಪ ಹೋದ್ರಿ ಸಾಹೇಬ್ರ, ನಾನೂ ಮುದುಕಿ ಆದೆ. ಈಗ ಹೇಳ್ರಿ, ಸಾಕು ಬಿಡು ಅಂತೀರೋ, ಇನ್ನೂ ಕಾಯ್ಲೋ?"