ತಪ್ಪೇ ಮಾಡದ ಹಲ್ಲು

ನನಗೂ ನನ್ನ ಯಜಮಾನರಿಗೂ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದು ಒಂದೇ ದಿನ, ತಿಪಟೂರಿನ ಒಂದೇ ಕ್ಲಿನಿಕ್ಕಿನಲ್ಲಿ. ಮನೆಗೆ ಬರುವಷ್ಟರಲ್ಲಿ ಕಾಯಿಲೆ ಅವರೊಬ್ಬರದಾಗಿತ್ತು. ಅವರ ಮುದ್ದೆ ಅರ್ಧವಾಯಿತು, ವಾಕಿಂಗಿಗೆ ಬೂಟು ಬಂತು, ಎದೆಯ ಪರೀಕ್ಷೆಯೂ ಎರಡು ಸಲ ಆಯಿತು. ನೋಡಲು ಬಂದ ನೆಂಟರೆಲ್ಲ ಗಂಡಸರ ಎದೆ ಬಲು ಸೂಕ್ಷ್ಮ ಅಂತ ನನಗೆ ಬುದ್ಧಿ ಹೇಳಿ ಹೋದರು. ನಾನೂ ನಂಬಿದೆ. ಅವರು ಒಂದು ಸಲ ಕೆಮ್ಮಿದರೆ ಒಲೆ ಬಿಟ್ಟು ಓಡಿ ಬರುತ್ತಿದ್ದೆ. ನನ್ನ ಬಗ್ಗೆ ಯಾರಾದರೂ ಕೇಳಿದರೆ ಅವರು, "ಅವಳಿಗೇನು, ಗುಂಡ್ಕಲ್ಲಿದ್ದಂಗವ್ಳೆ" ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ನನಗೆ ಹೆಮ್ಮೆಯೇ ಆಗುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ದವಡೆ ಹಿಡಿದುಕೊಂಡಿತು. ಬೆನ್ನಿನ ಮೇಲ್ಭಾಗದಲ್ಲೂ ನೋವು, ತಣ್ಣನೆಯ ಬೆವರು, ಬಿಂದಿಗೆ ಎತ್ತಲೂ ಆಗದಷ್ಟು ಸುಸ್ತು. ಎದೆಯಲ್ಲಿ ಮಾತ್ರ ಏನೂ ಇಲ್ಲ. "ಹಲ್ಲು ಹುಳುಕಾಗಿರ್ಬೇಕು ಕಣೇ, ನಡಿ" ಎಂದು ಯಜಮಾನರು ಬೈಕಿನಲ್ಲಿ ಕೂರಿಸಿಕೊಂಡು ತಿಪಟೂರಿಗೆ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಟ್ಟಿಯಾಗಿದ್ದ ದವಡೆ ಹಲ್ಲೊಂದನ್ನು ಕೀಳಿಸಿಕೊಂಡು ಬಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೋವು ಇದ್ದಲ್ಲೇ ಇತ್ತು. ಸಂಜೆ ವಾಂತಿಯಾಗಿ ಕಣ್ಣು ಕತ್ತಲಿಟ್ಟಾಗ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಇಸಿಜಿ ನೋಡಿದ ಡಾಕ್ಟರಮ್ಮ ಹಾರ್ಟ್ ಅಟ್ಯಾಕ್ ಆಗಿದೆ ಎಂದರು.

ಎದ್ದು ಕೂರುವಂತಾದ ದಿನ ಆಕೆಯೇ ಪಕ್ಕದಲ್ಲಿ ನಿಂತು ಬಿಡಿಸಿ ಹೇಳಿದರು. "ಶುಗರ್ ಬಂದ್ರೆ ಹಾರ್ಟಿನ ಅಪಾಯ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಏರುತ್ತೆ ಅಮ್ಮ. ಎದೆನೋವೇ ಬರಬೇಕು ಅಂತಿಲ್ಲ. ದವಡೆ, ಬೆನ್ನು, ಸುಸ್ತು, ಹೀಗೂ ಬರುತ್ತೆ." ಹಾಗೆನ್ನುತ್ತಲೇ ಯಜಮಾನರ ಕೈಯಲ್ಲಿದ್ದ ನನ್ನ ಫೈಲು ತಿರುವಿದರು. "ಎರಡು ತಿಂಗಳ ಹಿಂದೇನೇ ನಿಮಗೆ ಹಾರ್ಟ್ ಪರೀಕ್ಷೆ ಮಾಡಿಸಿ ಅಂತ ಕ್ಲಿನಿಕ್ಕಿನವರು ಬರೆದಿದ್ದಾರಲ್ಲ, ಯಾಕೆ ಮಾಡಿಸಲಿಲ್ಲ?"

ಆ ಚೀಟಿಯನ್ನು ನಾನು ಕಂಡೇ ಇರಲಿಲ್ಲ. ಫೈಲು ಇಟ್ಟುಕೊಳ್ಳುವುದು, ಡಾಕ್ಟರ ಜೊತೆ ಮಾತಾಡುವುದು ಎಲ್ಲ ಅವರದೇ. ಆಕೆ ಹೋದ ಮೇಲೆ ಯಜಮಾನರ ಮುಖ ನೋಡಿದೆ. ಅವರು ನೆಲ ನೋಡಿದರು.

"ಅಟ್ಟದಿಂದ ಕಾಯಿ ಇಳಿಸೋ ವಾರ ಅದು. ಕೊಬ್ಬರಿ ಸುಲಿಯೋರಿಗೆ ಅಡುಗೆ ಆಗ್ಬೇಕಿತ್ತು. ಮುಗೀಲಿ, ಆಮ್ಯಾಕೆ ಹೇಳಾನ ಅಂದ್ಕಂಡೆ. ಹೆಂಗಸ್ರಿಗೆ ಅದೆಲ್ಲಿ ಬತ್ತೈತೆ ಅಂತ ಮರ್ತ್‌ಬುಟ್ಟೆ."

ಆ ವಾರ ಹನ್ನೆರಡು ಜನಕ್ಕೆ ಮೂರು ಹೊತ್ತೂ ಬೇಯಿಸಿ ಹಾಕಿದ್ದೆ. ಆದರೂ ಮರೆವು ಯಾರಿಗಿಲ್ಲ, ನಾನೂ ಸಾರಿಗೆ ಉಪ್ಪು ಮರೆಯುತ್ತೇನೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ. ಕೇಳಿಬಿಟ್ಟೆ.

"ಹಲ್ಲು ಕೀಳೋವಾಗ ಪಕ್ಕದಲ್ಲೇ ನಿಂತಿದ್ರಲ್ಲ, ಆವಾಗ್ಲೂ ನೆಪ್ಪಾಗ್ಲಿಲ್ವಾ ರೀ?"

ಫೈಲು ಮಡಚಿ ಮಂಚದ ಮೇಲಿಟ್ಟರು. "ನೆಪ್ಪಾಯ್ತು ಕಣೇ. ಈಗ ಹೇಳಿದ್ರೆ, ಇಷ್ಟ್ ದಿನ ಯಾಕ್ ಮುಚ್ಚಿಟ್ರಿ ಅಂತ ನೀನು ಬೈತೀಯ ಅಂತ ಸುಮ್ನಾದೆ."

ಈಗ ನನ್ನ ಮಾತ್ರೆಯನ್ನು ಅವರೇ ನೀರಿನ ಸಮೇತ ತಂದು ಕೊಡುತ್ತಾರೆ. ನುಂಗುತ್ತೇನೆ. ಮೂವತ್ತು ವರ್ಷ ದಿನಕ್ಕೊಂದು ಸಲವಾದರೂ ಅವರನ್ನು ಬೈದವಳು ನಾನು. ಅವತ್ತಿನಿಂದ ಒಂದು ಸಲವೂ ಬೈದಿಲ್ಲ. ಬೈಯುವಷ್ಟು ಹತ್ತಿರದವರು ಅನ್ನಿಸುವುದೇ ಇಲ್ಲ.