ಖಾಲಿ ಹೊಟ್ಟೆ ಕಾಯುವ ವಾಸಣ್ಣ

ಬೆಳಗಿನ ಐದೂವರೆ. ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ಜೋರಾಗಿದೆ. ಬಲೆ ಹೆಣೆಯುವ ಸುಂದರ ಅವರು ಗೂಡಂಗಡಿಯ ಚಹಾಕ್ಕೆ ಕೈ ಚಾಚುತ್ತಾರೆ. ಹಿಂದಿನಿಂದ ಬಂದ ಇನ್ನೊಂದು ಕೈ ಆ ಲೋಟವನ್ನು ಪಕ್ಕಕ್ಕಿಡುತ್ತದೆ.

"ಇವತ್ತು ಸ್ಕ್ಯಾನಿಂಗ್ ಉಂಟು ಮಾರಾಯ. ಖಾಲಿ ಹೊಟ್ಟೆಯಲ್ಲಿರಬೇಕು ಅಂತ ನಿನ್ನೆಯೇ ಹೇಳಿದ್ದೆ, ಅಲ್ವಾ?"

"ಬರೀ ಚಾ ವಾಸಣ್ಣ, ಅದರಲ್ಲಿ ಎಂತ ಉಂಟು?"

"ಹೋದ ಸಲವೂ ಬರೀ ಚಾ. ಜತೆಗೆ ಎರಡು ಬನ್ಸ್!"

ಉಚ್ಚಿಲದ ಎಪ್ಪತ್ತೊಂದರ ವಾಸು ಅವರ ಕೆಲಸವೇ ಇದು. ಸಂಬಳವಿಲ್ಲ, ಕೇಳಿದವರೂ ಇಲ್ಲ. ಕಾಪುವಿನಿಂದ ಕಾರ್ಕಳದವರೆಗಿನ ಇಪ್ಪತ್ತಾರು ಮಂದಿಯನ್ನು ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನಿಂಗಿಗೆಂದು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಎಲ್ಲರಿಗೂ ರಕ್ತದಿಂದ ಹರಡುವ ಹೆಪಟೈಟಿಸ್ ಸಿ ಬಂದಿತ್ತು. ಮಾತ್ರೆಯಿಂದ ವೈರಸ್ ಹೋಯಿತು, ಆದರೆ ಅಷ್ಟರೊಳಗೆ ಲಿವರ್ ಗಟ್ಟಿಯಾಗಿತ್ತು. ಅಂಥ ಲಿವರಿನಲ್ಲಿ ಕ್ಯಾನ್ಸರ್ ಹುಟ್ಟುವ ಭಯ ಆಮೇಲೂ ಇರುತ್ತದೆ. ಕುಡಿತ, ಸಕ್ಕರೆ ಕಾಯಿಲೆ ಸೇರಿದರೆ ಇನ್ನೂ ಹೆಚ್ಚು. ಸುಂದರ ಅವರಿಗೆ ಎರಡೂ ಇವೆ. ಮೇಲಾಗಿ ಎರಡು ಸ್ಕ್ಯಾನಿಂಗ್ ತಪ್ಪಿಸಿಕೊಂಡಿದ್ದಾರೆ.

"ಮಾತ್ರೆ ಮುಗಿದ ದಿನವೇ ಕೋಳಿ ಕೊಯ್ದು ಬಾಟ್ಲಿ ತೆಗೆದವರು ಇವರು," ಎಂದು ವಾಸಣ್ಣ ಗೊಣಗುತ್ತಾರೆ.

ಬಸ್ಸಿನಲ್ಲಿ ಪಕ್ಕ ಕೂತ ನನ್ನೊಡನೆ ವಾಸಣ್ಣ ಹಳೆಯ ಮಾತು ತೆಗೆಯುತ್ತಾರೆ. ನಲವತ್ತು ವರ್ಷದ ಹಿಂದೆ ಅವರು ಕಾಪು ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಕಂಪೌಂಡರ್. ಸ್ಪಿರಿಟಿನ ವಾಸನೆ, ಗಾಜಿನ ಸಿರಿಂಜು ಕುದಿಯುವ ಸದ್ದು, ಬೆಂಚು ತುಂಬ ಜನ. ಮದ್ದು ಕೊಟ್ಟರೆ ಯಾರಿಗೂ ಸಮಾಧಾನವಿಲ್ಲ, ಇಂಜೆಕ್ಷನ್ನೇ ಆಗಬೇಕು.

"ವಾಸು ಚುಚ್ಚಿದರೆ ನೋವೇ ಆಗುವುದಿಲ್ಲ ಅಂತ ಅಜೆಕಾರಿನಿಂದಲೂ ಬರುತ್ತಿದ್ದರು!" ಅವರ ಮುಖ ಅರಳುತ್ತದೆ. ಮತ್ತೆ ಕಿಟಕಿಯತ್ತ ತಿರುಗುತ್ತಾರೆ. "ರಶ್ ಇದ್ದ ದಿನ ಸೂಜಿಯನ್ನು ಬಿಸಿನೀರಿಗೆ ಅದ್ದಿ ಮುಂದಿನವರಿಗೆ ಹಾಕಿದ್ದೂ ಉಂಟು. ಯಾರಿಗೆ ಎಲ್ಲಿಂದ ಬಂತು ಅಂತ ಈಗ ಹೇಳಲಿಕ್ಕೆ ಆಗುವುದಿಲ್ಲ."

ಹತ್ತು ವರ್ಷದ ಹಿಂದೆ ಅವರ ರಕ್ತದಲ್ಲೇ ಆ ವೈರಸ್ ಸಿಕ್ಕಿತು. ಅಂದಿನಿಂದ ತಾವು ಚುಚ್ಚಿದ ಹಳೆಯ ತೋಳುಗಳನ್ನು ನೆನಪಿಸಿಕೊಂಡು ಮನೆ ಮನೆ ಹುಡುಕಿ ರಕ್ತ ಪರೀಕ್ಷೆ ಮಾಡಿಸಿದರು. ಕೆಲವರು ಬೈದು ಕಳಿಸಿದರು. ಕಾರ್ಕಳದ ನಳಿನಾಕ್ಷಿ ಒಪ್ಪುವಷ್ಟರಲ್ಲಿ ಕ್ಯಾನ್ಸರ್ ಬೆಳೆದಾಗಿತ್ತು. ಆಕೆಯ ಉತ್ತರಕ್ರಿಯೆಗೆ, ಇಲ್ಲಿನವರು ಬೊಜ್ಜ ಎನ್ನುವುದಕ್ಕೆ, ವಾಸಣ್ಣ ಹೋಗಿದ್ದರು. ಎಲೆಯ ಮುಂದೆ ಕೂತವರು ಊಟ ಮುಟ್ಟದೆ ಎದ್ದು ಬಂದರು.

ಹತ್ತು ಗಂಟೆಗೆ ಸುಂದರ ನಗುತ್ತ ಸ್ಕ್ಯಾನಿಂಗ್ ಕೋಣೆಯಿಂದ ಹೊರಬರುತ್ತಾರೆ. ಗಡ್ಡೆ ಏನೂ ಕಂಡಿಲ್ಲ, ಆರು ತಿಂಗಳ ಮೇಲೆ ಮತ್ತೆ ಬರಬೇಕು. ವಾಸಣ್ಣ ಒಮ್ಮೆ ಕಣ್ಣು ಮುಚ್ಚಿ ತೆರೆದು, ಕ್ಯಾಂಟೀನಿನಲ್ಲಿ ಎರಡು ಚಹಾ, ಬನ್ಸ್ ಹೇಳುತ್ತಾರೆ. ಅವರೂ ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂದು ನನಗೆ ತಿಳಿದದ್ದು ಆಗ. ಕರೆತಂದವರ ಹೊಟ್ಟೆ ಖಾಲಿ ಇರುವಾಗ ತಾವು ತಿನ್ನುವುದು ಅವರಿಗೆ ಸೇರುವುದಿಲ್ಲವಂತೆ.

ಏನಾದರೂ ಆಸೆ ಉಂಟಾ ಎಂದು ಕೇಳುತ್ತೇನೆ.

"ಇನ್ನೆಂತ ಆಸೆ? ಈ ಇಪ್ಪತ್ತಾರು ಜನರೂ ನನ್ನ ಬೊಜ್ಜದ ಊಟಕ್ಕೆ ಬರಬೇಕು. ಅವತ್ತು ಹೊಟ್ಟೆ ತುಂಬ ತಿನ್ನಲಿ, ನಾನು ತಡೆಯುವುದಿಲ್ಲ."